ಸಮದುಃಖಿ

ನಮ್ಮ ಮೈಸೂರಿನಲ್ಲಿ ನೀರಿಗೆ ಬರ ಬಂದೀತು, ಸಲಹೆಗೆ ಬರ ಬಂದದ್ದನ್ನು ನಾನು ಕಂಡಿಲ್ಲ. ಮನಸ್ಸು ಸರಿಯಿಲ್ಲ ಎಂದು ಯಾರ ಮುಂದಾದರೂ ಬಾಯಿಬಿಟ್ಟು ನೋಡಿ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಂದು ಸುತ್ತು ವಾಕಿಂಗ್ ಮುಗಿಸುವಷ್ಟರಲ್ಲಿ ನಿಮಗೆ ಎರಡು ಬಗೆಯ ಪ್ರಾಣಾಯಾಮ, ಒಂದು ಕಷಾಯ, ನಂಜನಗೂಡಿನಲ್ಲಿ ಮಾಡಿಸಬೇಕಾದ ಸೇವೆ, ಇವೆಲ್ಲ ಸಿಕ್ಕಿರುತ್ತವೆ. ಜೊತೆಗೆ, ನಿಮಗಿಂತ ಹೆಚ್ಚು ಕಷ್ಟಪಟ್ಟೂ ನಗುನಗುತ್ತ ಇರುವ ಯಾರೋ ಒಬ್ಬರ ಉದಾಹರಣೆ. ಕೊಟ್ಟವರು ಕೆಟ್ಟವರಲ್ಲ, ಪಾಪ, ಕೈಯಲ್ಲಿದ್ದುದನ್ನು ಕೊಟ್ಟಿದ್ದಾರೆ. ಕೊನೆಗೆ ಎಲ್ಲರೂ ಹೇಳುವುದು ಒಂದೇ ಮಾತು: 'ಜಾಸ್ತಿ ಯೋಚನೆ ಮಾಡಬೇಡಿ.' ಯೋಚನೆ ಮಾಡದೆ ಇರುವುದು ಹೇಗೆ ಎಂಬುದನ್ನು ಮಾತ್ರ ಈವರೆಗೆ ಯಾರೂ ಹೇಳಿಕೊಟ್ಟಿಲ್ಲ.

ಇಂಥ ಊರಿನಲ್ಲಿ, ಕೇಳದೆ ಸಲಹೆ ಕೊಡಬಾರದು ಎಂಬುದನ್ನೇ ಮೊದಲ ನಿಯಮವಾಗಿ ಇಟ್ಟುಕೊಂಡ ಒಂದು ಸಣ್ಣ ಸಂಸ್ಥೆಯಲ್ಲಿ ನಾನು ಆರು ವರ್ಷದಿಂದ ಸ್ವಯಂಸೇವಕ. ತಿಂಗಳಿಗೆ ಎರಡು ಶನಿವಾರ, ಸಂಜೆ ನಾಲ್ಕರಿಂದ ಆರು. ಸರಸ್ವತೀಪುರದ ಒಂದು ಮನೆಯ ಮಹಡಿಯ ಮೇಲಿನ ರೂಮು, ಹನ್ನೆರಡು ಪ್ಲಾಸ್ಟಿಕ್ ಕುರ್ಚಿ, ಒಂದು ದೊಡ್ಡ ಫ್ಲಾಸ್ಕ್ ಟೀ. ಬರುವವರಲ್ಲಿ ಖಿನ್ನತೆಯವರಿದ್ದಾರೆ, ಒಮ್ಮೆ ಆಕಾಶಕ್ಕೂ ಒಮ್ಮೆ ಪಾತಾಳಕ್ಕೂ ಮನಸ್ಸು ಓಡುವವರಿದ್ದಾರೆ, ಕುಡಿತ ಬಿಟ್ಟವರು ಮತ್ತು ಬಿಡಲಾರದವರು ಇದ್ದಾರೆ, ಯಾರಿಗೂ ಕೇಳದ ದನಿಗಳು ಕೇಳುವವರೂ ಇದ್ದಾರೆ. ವಿಶೇಷವೆಂದರೆ ಇಲ್ಲಿ ಎದುರಿಗೆ ಕೂತು ಕೇಳಿಸಿಕೊಳ್ಳುವವರೂ ಅದೇ ದಾರಿ ತುಳಿದು ಬಂದವರು. ಡಾಕ್ಟರಲ್ಲ, ತಜ್ಞರಲ್ಲ. ನನಗೂ ಖಿನ್ನತೆ ಬಂದಿತ್ತು, ಎರಡೂವರೆ ವರ್ಷ ಗುಳಿಗೆ ನುಂಗಿದೆ, ಗುಣವಾಯಿತು. ನನ್ನ ವಿಷಯ ಇಲ್ಲಿ ಇಷ್ಟು ಸಾಕು. ಮುಂದೆ ಬರುವವರ ಗುರುತು ಸಿಗದಂತೆ ಊರು, ಕಸುಬುಗಳನ್ನು ಅಷ್ಟಿಷ್ಟು ಬದಲಿಸಿದ್ದೇನೆ.

ನಮ್ಮಂಥವರಿಗೆ ಕನ್ನಡದಲ್ಲಿ ಒಂದು ಹೆಸರು ಬೇಕೆಂದಾಗ ಯಾರೋ 'ಸಮದುಃಖಿ' ಎಂದರು. ಹಿತವಾದ ಪದ. ಆದರೆ ಅದನ್ನು ಬಾಯಲ್ಲಿಟ್ಟುಕೊಂಡು ಚಪ್ಪರಿಸುತ್ತ ಹೋದಂತೆ ನನಗೆ ಅದರ ಮೊದಲ ಅರ್ಧದ ಮೇಲೆ ಗುಮಾನಿ ಬಂದಿದೆ. ಗೀತೆಯಲ್ಲಿ 'ಸಮದುಃಖಸುಖ' ಎಂಬ ಮಾತಿದೆ. ಸುಖ ದುಃಖ ಎರಡನ್ನೂ ಒಂದೇ ಎಂದು ಕಾಣುವ ಧೀರ ಎಂದು ಅದರ ಅರ್ಥ. ನಾವು ಆ ಜಾತಿಯವರಲ್ಲ ಎಂಬುದು ಗೊತ್ತೇ ಇದೆ. ನಮ್ಮದು ಬೇರೆ 'ಸಮ'. ನಿನ್ನದೂ ನನ್ನದೂ ಒಂದೇ ದುಃಖ ಎಂಬ ಸಮ. ಇದು ನಿಜವೆ? ಒಬ್ಬ ನೊಂದವನು ಇನ್ನೊಬ್ಬ ನೊಂದವನಿಗೆ 'ನನಗೆ ಗೊತ್ತಾಗುತ್ತೆ' ಎನ್ನುವ ಹಕ್ಕು ಎಲ್ಲಿಂದ ಬಂತು?

ನನ್ನ ಗೆಳೆಯರೊಬ್ಬರು ಮನೋವೈದ್ಯರು. ನಮ್ಮ ಶನಿವಾರದ ಕೂಟದ ಬಗ್ಗೆ ಅವರಿಗೆ ವಿರೋಧವಿಲ್ಲ, ಅನುಮಾನ ಇದೆ. 'ನೀವು ನೋಡಿರೋದು ಒಂದು ಕೇಸು, ನಿಮ್ಮದೇ. ನಾನು ನೋಡಿರೋದು ಸಾವಿರಾರು. ಹೊಟ್ಟೆನೋವು ಬಂದವರೆಲ್ಲ ಹೊಟ್ಟೆ ಡಾಕ್ಟರಾಗ್ತಾರೇನ್ರಿ?' ಎಂದು ಒಂದು ಸಲ ಕೇಳಿದರು. ನಕ್ಕುಬಿಟ್ಟು ತಪ್ಪಿಸಿಕೊಳ್ಳುವ ಪ್ರಶ್ನೆಯಲ್ಲ ಅದು. ನೊಂದವರಿಗೇ ನೋವು ತಿಳಿಯುವುದು ಎಂಬ ಅರ್ಥದ ಅಕ್ಕಮಹಾದೇವಿಯ ವಚನ ಕನ್ನಡದಲ್ಲಿ ಅರ್ಧ ಗಾದೆಯಾಗಿಬಿಟ್ಟಿದೆ. ನಾನೂ ಅದನ್ನೇ ಗುರಾಣಿಯಾಗಿ ಹಿಡಿದೆ. ಮನೆಗೆ ಬಂದು ಯೋಚಿಸಿದಾಗ ಒಂದು ವಿಷಯ ಹೊಳೆಯಿತು. ನೋವುಣ್ಣದವನಿಗೆ ನೋವು ಅರ್ಥವಾಗದು ಎಂದಳು ಅಕ್ಕ, ಸರಿ. ನೋವುಂಡವರಿಗೆಲ್ಲ ಮತ್ತೊಬ್ಬರ ನೋವು ಅರ್ಥವಾಗುತ್ತದೆ ಎಂದು ಅವಳು ಎಲ್ಲಿ ಹೇಳಿದಳು? ಅದನ್ನು ಸೇರಿಸಿಕೊಂಡವರು ನಾವು. ಸೊಸೆಯಾಗಿ ಬೆಂದವಳೇ ಅತ್ತೆಯಾಗಿ ಬೇಯಿಸುವುದನ್ನು ನೋಡಿದ ನಾಡಿನವರಿಗೆ ಇದು ಗೊತ್ತಿರಬೇಕಿತ್ತು.

ಈ ಗುಮಾನಿಯನ್ನು ಗಟ್ಟಿ ಮಾಡಿದವರು ನಮ್ಮ ಕೂಟದ ಇಬ್ಬರು. ಒಬ್ಬರು ಕುವೆಂಪುನಗರದ ನಿವೃತ್ತ ಅಧ್ಯಾಪಕರು. ಇನ್ನೊಬ್ಬ ಮಂಡಿ ಮೊಹಲ್ಲಾದ ಟೈಲರ್. ಇಬ್ಬರದೂ ಒಂದೇ ಕಾಯಿಲೆ, ಒಂದೇ ಗುಳಿಗೆ: ಲಿಥಿಯಂ. ಅತಿ ಉಮೇದು ಮತ್ತು ಅತಿ ಕುಸಿತದ ನಡುವೆ ತೂಗುವ ಮನಸ್ಸನ್ನು ಹಿಡಿದು ನಿಲ್ಲಿಸುವ ಹಳೆಯ, ನಂಬಿಕಸ್ತ ಔಷಧಿ ಅದು. ಅದರದೊಂದು ಉಪದ್ರವವೂ ಇದೆ, ಕೆಲವರಿಗೆ ಕೈ ಸಣ್ಣಗೆ ನಡುಗುತ್ತದೆ. ಟೈಲರ್ ಒಂದು ಶನಿವಾರ ಬಹಳ ಹೊತ್ತು ಸುಮ್ಮನಿದ್ದು, 'ಕೈ ನಡುಗುತ್ತೆ ಸಾರ್' ಎಂದ. ಅಧ್ಯಾಪಕರು ಕೂಡಲೆ, 'ನಂಗೂ ಹಾಗೇ ಆಗುತ್ತಪ್ಪಾ, ಕಾಫಿ ಲೋಟ ಹಿಡಿದರೆ ತುಳುಕುತ್ತೆ. ಅಭ್ಯಾಸ ಆಗೋಗುತ್ತೆ' ಎಂದರು. ಪ್ರೀತಿಯಿಂದಲೇ ಹೇಳಿದ್ದು. ಟೈಲರ್ ತಲೆ ಆಡಿಸಿ ಸುಮ್ಮನಾದ.

ಒಂದೇ ನಡುಕ. ಒಬ್ಬರಿಗೆ ಅದರಿಂದ ಪಂಚೆಯ ಮೇಲೆ ಕಾಫಿ ಬೀಳುತ್ತದೆ. ಇನ್ನೊಬ್ಬನಿಗೆ ಸೂಜಿಗೆ ದಾರ ಪೋಣಿಸಲಾಗುವುದಿಲ್ಲ, ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಗೆರೆ ಡೊಂಕಾಗುತ್ತದೆ, ಕತ್ತರಿ ಗೆರೆ ಬಿಟ್ಟು ಓಡುತ್ತದೆ, ಗಿರಾಕಿಯ ಬಟ್ಟೆ ಹಾಳಾಗುತ್ತದೆ. ಇವರಿಬ್ಬರನ್ನು ಸಮದುಃಖಿಗಳು ಎನ್ನೋಣವೆ?

ಕತೆ ಅಲ್ಲಿಗೆ ಮುಗಿದಿದ್ದರೆ ನಾನು ಡಾಕ್ಟರ್ ಗೆಳೆಯರಿಗೆ ಶರಣಾಗುತ್ತಿದ್ದೆ. ಅಧ್ಯಾಪಕರು ಟೀ ಬಗ್ಗಿಸಿಕೊಳ್ಳುವಾಗ ಏನೋ ಹೊಳೆದವರಂತೆ ತಿರುಗಿ, 'ಅಲ್ಲಯ್ಯಾ, ಅಂಗಡೀಲಿ ಏನು ಮಾಡ್ತೀಯ ಹಾಗಾದ್ರೆ? ಕಟಿಂಗ್ ಯಾರು ಮಾಡ್ತಾರೆ?' ಎಂದು ಕೇಳಿದರು. ಆ ಪ್ರಶ್ನೆ ಬರುವುದಕ್ಕೆ ಒಂದು ಕಾಲು ಗಂಟೆ ಹಿಡಿದಿತ್ತು, ಆದರೆ ಬಂತು. ಆಗ ಅವನು ಬಿಚ್ಚಿದ. ಮೂರು ವಾರದಿಂದ ಕತ್ತರಿ ಮುಟ್ಟಿಲ್ಲ, ಮಿಶನ್ ಕೆಲಸ ಹೇಗೋ ನಡೆಯುತ್ತದೆ, ಗುಳಿಗೆ ಬಿಟ್ಟುಬಿಡೋಣ ಎಂದು ತೀರ್ಮಾನಿಸಿದ್ದಾನೆ, ಹೆಂಡತಿಗೂ ಹೇಳಿಲ್ಲ. ಡಾಕ್ಟರಿಗೆ ಹೇಳಿದೆಯಾ ಎಂದರೆ, 'ಅಲ್ಲಿ ಹಿಂದೆ ಐವತ್ತು ಜನ ನಿಂತಿರ್ತಾರೆ ಸಾರ್. ನಿದ್ದೆ ಬರುತ್ತಾ ಅಂತಾರೆ, ಬರುತ್ತೆ ಅಂತೀನಿ, ಚೀಟಿ ಬರೀತಾರೆ.' ಲಿಥಿಯಂ ತೆಗೆದುಕೊಳ್ಳುವವರಿಗೆ ಆಗಾಗ ರಕ್ತಪರೀಕ್ಷೆ ಮಾಡಿ ಪ್ರಮಾಣ ನೋಡುತ್ತಾರೆ, ಹೆಚ್ಚಾಗಿದ್ದರೆ ಇಳಿಸುತ್ತಾರೆ, ನಡುಕಕ್ಕೆ ಬೇರೆ ಉಪಾಯಗಳೂ ಉಂಟು. ತಾನಾಗಿ ಥಟ್ಟನೆ ನಿಲ್ಲಿಸಿದರೆ ಕಾಯಿಲೆ ಮತ್ತೆ ಎದ್ದು ಕೂರುವ ಅಪಾಯ ದೊಡ್ಡದು. ಇದೆಲ್ಲ ಅಧ್ಯಾಪಕರಿಗೆ ಗೊತ್ತಿತ್ತು, ಆದರೆ ಅವರು ಉಪನ್ಯಾಸ ಕೊಡಲಿಲ್ಲ (ಮೂವತ್ತು ವರ್ಷ ಅದನ್ನೇ ಮಾಡಿದವರಿಗೆ ಇದು ಸಣ್ಣ ಸಂಯಮವಲ್ಲ). 'ಸೋಮವಾರ ನಾನೂ ಬರ್ತೀನಿ, ಜೊತೇಲಿ ಕ್ಯೂ ನಿಲ್ಲೋಣ' ಎಂದರು. ಹೋದರು, ಎರಡು ಗಂಟೆ ಬೆಂಚಿನ ಮೇಲೆ ಕೂತರು, ಸರದಿ ಬಂದಾಗ 'ಇವನು ಟೈಲರ್, ಕೈ ನಡುಗಿದರೆ ಕೆಲಸ ಹೋಗುತ್ತೆ' ಎಂಬ ಒಂದು ವಾಕ್ಯವನ್ನು ಅವನ ಬಾಯಿಂದಲೇ ಹೇಳಿಸಿದರು. ಡಾಕ್ಟರು ತಲೆಯೆತ್ತಿ ನೋಡಿದರಂತೆ. ರಕ್ತಪರೀಕ್ಷೆ ಬರೆದರು, ಪ್ರಮಾಣ ಇಳಿಸಿದರು. ನಡುಕ ಪೂರ್ತಿ ಹೋಗಿಲ್ಲ. ಕತ್ತರಿ ಮಾತ್ರ ಮತ್ತೆ ಕೈಗೆ ಬಂದಿದೆ.

ಅಧ್ಯಾಪಕರಿಗೆ ಅವನ ದುಃಖ ಗೊತ್ತಿರಲಿಲ್ಲ. ಗೊತ್ತಿದೆ ಎಂದುಕೊಂಡಾಗ ಅವರಿಂದ ಉಪಯೋಗವೂ ಆಗಲಿಲ್ಲ. ಅವರ ಬಳಿ ಇದ್ದದ್ದು ಬೇರೆ: ಆ ಆಸ್ಪತ್ರೆಯ ಬೆಂಚು ಅವರಿಗೆ ಹೊಸದಲ್ಲ, ಅಲ್ಲಿ ಕೂರಲು ಅವರಿಗೆ ನಾಚಿಕೆಯಿಲ್ಲ. ನಾಚಿಕೆ ಎಂದೆ. ಈ ಕಾಯಿಲೆಗಳಲ್ಲಿ ಅರ್ಧ ಭಾರ ಅದರದೇ. ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆಯನ್ನೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನೂ ಕೂಡಿಸಿ 1974ರಲ್ಲಿ ನಿಮ್ಹಾನ್ಸ್ ಮಾಡಿದರು. ದೇಶಕ್ಕೇ ದೊಡ್ಡ ಸಂಸ್ಥೆ. ನಾವು ಕನ್ನಡಿಗರು ಅದರ ಹೆಸರನ್ನು ಇಂದಿಗೂ ಬೈಗುಳವಾಗಿ ಬಳಸುತ್ತೇವೆ. ಅದೇ ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ದಶಕಗಟ್ಟಲೆ ಸರಳ ಕನ್ನಡದಲ್ಲಿ ಬರೆದು ಮನಸ್ಸಿಗೂ ಮೈಯಂತೆ ಕಾಯಿಲೆ ಬರುತ್ತದೆ ಎಂಬುದನ್ನು ಮನೆಮನೆಗೆ ಮುಟ್ಟಿಸಿದರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಓದಿ ತಿಳಿದದ್ದು ತಲೆಯಲ್ಲಿರುತ್ತದೆ, ನಾಚಿಕೆ ಕಾಲಿನಲ್ಲಿರುತ್ತದೆ. ಆಸ್ಪತ್ರೆಯ ಗೇಟಿನ ಹತ್ತಿರ ಅದು ಕಾಲು ಹಿಡಿದುಕೊಳ್ಳುತ್ತದೆ. ಅದನ್ನು ಬಿಡಿಸಲು ಪಕ್ಕದಲ್ಲಿ ಒಂದು ಜೊತೆ ಕಾಲು ಬೇಕು.

ಕಿಸಾಗೋತಮಿಯ ಕತೆಯನ್ನು ಎಲ್ಲರೂ ಕೇಳಿದ್ದೀರಿ. ಸತ್ತ ಮಗುವನ್ನು ಹೊತ್ತು ಬಂದವಳಿಗೆ ಬುದ್ಧ, ಸಾವು ಕಾಣದ ಮನೆಯಿಂದ ಸಾಸಿವೆ ತಾ ಎಂದು ಹೇಳಿ ಕಳಿಸಿದ. ಸಾವು ಎಲ್ಲರಿಗೂ ಇದೆ ಎಂಬ ಪಾಠಕ್ಕಾಗಿ ಈ ಕತೆಯನ್ನು ಹೇಳುತ್ತೇವೆ. ಆದರೆ ಆ ಪಾಠವನ್ನು ಬುದ್ಧ ಕೂತಲ್ಲೇ ಒಂದು ವಾಕ್ಯದಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ಬಾಗಿಲಿಂದ ಬಾಗಿಲಿಗೆ ಕಳಿಸಿದ. ನನಗೆ ಈಗೀಗ ಆ ಬಾಗಿಲುಗಳ ಹಿಂದಿದ್ದವರ ಮೇಲೆ ಕುತೂಹಲ. ಯಾರೋ ಒಬ್ಬಳು ಒಳಗಿನ ಕೆಲಸ ಬಿಟ್ಟು ಬಂದು, ಹೊಸಿಲ ಮೇಲೆ ನಿಂತು, 'ನಮ್ಮ ಮನೆಯಲ್ಲೂ ಒಬ್ಬರು ಹೋದರಮ್ಮ' ಎಂದಿರಬೇಕು. ಅವರಲ್ಲಿ ಒಬ್ಬರೂ ಉಪದೇಶ ಮಾಡಿದ್ದಾಗಿ ಕತೆಯಲ್ಲಿ ಬರುವುದಿಲ್ಲ.

ಇದೇ ಕೆಲಸವನ್ನು ನಮ್ಮ ಕಾಲದಲ್ಲಿ ಆಫ್ರಿಕಾದ ಅಜ್ಜಿಯರು ಮಾಡಿ ತೋರಿಸಿದರು. ಜಿಂಬಾಬ್ವೆಯಲ್ಲಿ ಇಡೀ ದೇಶಕ್ಕೆ ಬೆರಳೆಣಿಕೆಯಷ್ಟು ಮನೋವೈದ್ಯರು. ಅವರಲ್ಲೊಬ್ಬರಾದ ಡಿಕ್ಸನ್ ಚಿಬಾಂಡ 2006ರಲ್ಲಿ ಹರಾರೆಯ ಒಂದು ಬಡ ಬಡಾವಣೆಯಲ್ಲಿ ಹದಿನಾಲ್ಕು ಅಜ್ಜಿಯರಿಗೆ ತರಬೇತಿ ಕೊಟ್ಟು, ಚಿಕಿತ್ಸಾಲಯದ ಹೊರಗೆ ಮರದ ಬೆಂಚು ಹಾಕಿ ಕೂರಿಸಿದರು. ಡಾಕ್ಟರು ಅದನ್ನು ಮಾನಸಿಕ ಆರೋಗ್ಯದ ಬೆಂಚು ಎಂದರು. ಅಜ್ಜಿಯರು, ಆ ಹೆಸರಿಟ್ಟರೆ ಒಬ್ಬರೂ ಬಂದು ಕೂರುವುದಿಲ್ಲ ಎಂದರು. 'ಸ್ನೇಹದ ಬೆಂಚು' ಎಂದಾಯಿತು. 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮಾಮೂಲು ಚಿಕಿತ್ಸೆ ಪಡೆದವರಿಗಿಂತ ಈ ಬೆಂಚಿನ ಮೇಲೆ ಕೂತವರಲ್ಲಿ ಆರು ತಿಂಗಳ ಮೇಲೆ ಖಿನ್ನತೆಯ ಲಕ್ಷಣಗಳು ಕಡಿಮೆಯಿದ್ದವು. ನನಗೆ ಅಂಕಿಅಂಶಕ್ಕಿಂತ ಖುಷಿ ಕೊಟ್ಟದ್ದು ಅವರ ಶೋನಾ ಭಾಷೆಯ ಒಂದು ಪದ. ಮನಸ್ಸಿನ ಕಾಯಿಲೆಗೆ ಅಲ್ಲಿಯ ಜನ 'ಕುಫುಂಗಿಸಿಸ' ಎನ್ನುತ್ತಾರೆ. ಅತಿಯಾಗಿ ಯೋಚಿಸುವುದು ಎಂದರ್ಥ. ನಮ್ಮ ಅಗ್ರಹಾರದ ಅಜ್ಜಿ 'ಅವನಿಗೆ ಯೋಚನೆ ಹತ್ತಿಬಿಟ್ಟಿದೆ' ಎನ್ನುವುದೂ ಇದನ್ನೇ ಅಲ್ಲವೆ? 'ಯೋಚನೆ ಮಾಡಬೇಡ' ಎಂದು ಎದ್ದು ಹೋಗುವ ಬದಲು 'ಏನು ಯೋಚನೆ, ಹೇಳು' ಎಂದು ಕೂತದ್ದಷ್ಟೇ ಅಲ್ಲಿಯ ಅಜ್ಜಿಯರ ಹೆಚ್ಚಳ.

ಕೇಳಿಸಿಕೊಳ್ಳುವುದರಲ್ಲಿ ನಮ್ಮ ಊರು ಸ್ವಲ್ಪ ಹಿಂದೆಯೇ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನಃಶಾಸ್ತ್ರ ವಿಭಾಗ ಕಟ್ಟಿದ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲಿ ರೇಡಿಯೋ ಕೇಂದ್ರ ಶುರುಮಾಡಿದರು, 'ಆಕಾಶವಾಣಿ' ಎಂಬ ಹೆಸರು ನಾಡಿಗೆ ಬಂದದ್ದು ಅಲ್ಲಿಂದ. ಮನಸ್ಸನ್ನು ಓದಿದ ಮೇಷ್ಟ್ರಿಗೆ ಮೊದಲು ಹೊಳೆದದ್ದು ಊರಿಗೆಲ್ಲ ಕೇಳುವ ಹಾಗೆ ಮಾತಾಡುವ ಯಂತ್ರ ಎಂದು ನಾನು ತಮಾಷೆಗೆ ಹೇಳುವುದುಂಟು. ಅವರ ಮೇಲಿನ ಗೌರವಕ್ಕೆ ಇದರಿಂದ ಕುಂದಿಲ್ಲ.

ಇನ್ನೊಂದು ಆಕ್ಷೇಪಣೆ ಇದೆ. ಅದನ್ನು ಎತ್ತಿದವರು ನಮ್ಮ ಮನೆಯವರೇ. 'ಶನಿವಾರ ಅಲ್ಲಿಂದ ಬಂದಾಗ ನೀವು ಗೆಲುವಾಗಿರ್ತೀರಿ. ಬೇರೆಯವರ ಅಳು ಕೇಳಿ ಬಂದವರು ಹೀಗಿರಬಹುದಾ?' ಎಂದು ಕೇಳಿದಳು. ನಿಜ, ಗೆಲುವಾಗಿರುತ್ತೇನೆ. ಇದನ್ನು ಸೇವೆ ಎನ್ನಲು ನನಗೆ ಬಾಯಿ ಬರದಿರುವುದು ಅದಕ್ಕೇ. 1935ರಲ್ಲಿ, ಅಮೆರಿಕದ ಓಹಾಯೋ ಪ್ರಾಂತದ ಆಕ್ರನ್ ಎಂಬ ಊರಿಗೆ ವ್ಯಾಪಾರಕ್ಕೆ ಬಂದು ಸೋತ ಒಬ್ಬ ಮನುಷ್ಯ, ತಾನು ಮತ್ತೆ ಕುಡಿದುಬಿಡುತ್ತೇನೆ ಎಂಬ ಭಯದಲ್ಲಿ ಇನ್ನೊಬ್ಬ ಕುಡುಕನನ್ನು ಹುಡುಕಿಕೊಂಡು ಹೋದ. ಅವನನ್ನು ಉದ್ಧರಿಸುವುದಕ್ಕಲ್ಲ, ತಾನು ಉಳಿಯುವುದಕ್ಕೆ. ಸಿಕ್ಕವನು ಒಬ್ಬ ಡಾಕ್ಟರು. ಆ ಇಬ್ಬರ ಮಾತುಕತೆಯಿಂದ ಹುಟ್ಟಿದ್ದು ಆಲ್ಕೋಹಾಲಿಕ್ಸ್ ಅನಾನಿಮಸ್. ಉಪಕಾರ ಮಾಡಲು ಹೋಗಿದ್ದರೆ ಬಾಗಿಲು ಮುಚ್ಚುತ್ತಿತ್ತೇನೋ. ನನ್ನನ್ನು ಉಳಿಸು ಎಂದು ಹೋದವನಿಗೆ ತೆರೆಯಿತು. ಕೊಡುವವನಿಗೂ ಬೇಕಾಗಿದೆ ಎಂಬುದು ಬಚ್ಚಿಡದ ಸತ್ಯವಾಗಿದ್ದರೆ ತೆಗೆದುಕೊಳ್ಳುವವನು ಕುಗ್ಗಬೇಕಾಗಿಲ್ಲ. ನಮ್ಮ ಟೈಲರ್ ಆಮೇಲೆ ಅಧ್ಯಾಪಕರ ಎರಡು ಪ್ಯಾಂಟು ಆಲ್ಟರ್ ಮಾಡಿಕೊಟ್ಟ. ನೂರಿಪ್ಪತ್ತು ರೂಪಾಯಿ ಎಣಿಸಿ ತೆಗೆದುಕೊಂಡ. ಅಧ್ಯಾಪಕರು ಅದನ್ನು ನಮ್ಮೆಲ್ಲರಿಗೂ ಹೇಳಿ ಹೇಳಿ ಸಂತೋಷಪಟ್ಟರು.

ಇಲ್ಲಿಯವರೆಗಿನದು ಸುಲಭದ ಭಾಗ. ಕಠಿಣವಾದದ್ದು ಗುಟ್ಟಿನ ಪ್ರಶ್ನೆ.

ಹೋದ ವರ್ಷ ಇಪ್ಪತ್ತೆರಡು ಇಪ್ಪತ್ಮೂರರ ಹುಡುಗನೊಬ್ಬ ಎರಡು ಶನಿವಾರ ಬಂದು ಮೂಲೆಯಲ್ಲಿ ಕೂತು ಹೋದ. ಮೂರನೆಯ ಸಲ ನನ್ನ ಹತ್ತಿರ ಬಂದು, 'ಒಂದು ವಿಷಯ ಹೇಳಬೇಕು ಸಾರ್. ಯಾರಿಗೂ ಹೇಳಲ್ಲ ಅಂತ ಮೊದಲು ಮಾತು ಕೊಡಿ' ಎಂದ. ಇದಕ್ಕೆ ನಮ್ಮಲ್ಲಿ ಒಂದು ನಿಯಮ ಇದೆ, ಬಂದ ಮೊದಲ ದಿನವೇ ಎಲ್ಲರಿಗೂ ಹೇಳಿರುತ್ತೇವೆ. ಅದನ್ನೇ ಹೇಳಿದೆ: 'ಏನು ಹೇಳಿದರೂ ಈ ರೂಮು ದಾಟಲ್ಲಪ್ಪ. ನಿನ್ನ ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಮನೆಯವರಿಗೋ ಡಾಕ್ಟರಿಗೋ ಹೇಳ್ತೀವಿ.' ಅವನು ನಕ್ಕ. 'ಹಂಗಾದ್ರೆ ನೀವೂ ಎಲ್ಲರ ಥರಾನೇ' ಎಂದು ಎದ್ದು ಹೊರಟ.

ಅವನು ಕೇಳಿದ್ದು ಅನ್ಯಾಯದ್ದಲ್ಲ. ಗುಟ್ಟು ಉಳಿಯದ ಊರು ನಮ್ಮದು. ಮನೆತನದ ಮರ್ಯಾದೆ, ಅಕ್ಕನ ಮದುವೆ, ಎಲ್ಲಕ್ಕೂ ಒಂದು ಮಾತು ಸಾಕು. ಅಲ್ಲದೆ ಕೊಟ್ಟ ಮಾತು ಎಂದರೆ ಏನು ಎಂಬುದನ್ನು ಪುಣ್ಯಕೋಟಿಯಿಂದ ಕಲಿತ ಮಕ್ಕಳು ನಾವು. ಮಾತಿಗಾಗಿ ಹುಲಿಯ ಬಾಯಿಗೆ ಮರಳಿ ಹೋದ ಹಸು ಅದು. ಹಾಗಿರುವಾಗ ಮಾತು ಕೊಡುವುದಿಲ್ಲ ಎಂಬವನನ್ನು ಒಬ್ಬ ಹುಡುಗ ಏನೆಂದು ತಿಳಿಯಬೇಕು? ಇದನ್ನು ನಾನು ಬಹಳ ಯೋಚಿಸಿದ್ದೇನೆ. ಪುಣ್ಯಕೋಟಿ ಒತ್ತೆಯಿಟ್ಟದ್ದು ತನ್ನ ಜೀವ. ಇಲ್ಲಿ ನಾನು ಮಾತು ಕೊಟ್ಟರೆ ಒತ್ತೆ ಬೀಳುವುದು ಅವನ ಜೀವ, ಉಳಿಯುವುದು ನನ್ನ ಸತ್ಯಸಂಧತೆ. ಆ ವ್ಯಾಪಾರ ನನಗೆ ಒಪ್ಪಿಗೆಯಿಲ್ಲ. ಮಾತು ಕೊಟ್ಟು ಆಮೇಲೆ ಮುರಿದರಾಯಿತು ಎಂಬ ಜಾಣರೂ ಇದ್ದಾರೆ; ಒಮ್ಮೆ ಹಾಗೆ ಮೋಸಹೋದವನು ಇನ್ನೆಂದೂ ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ. ಹಾಗೆಂದು ನಮ್ಮ ನಿಯಮಕ್ಕೆ ಬೆಲೆಯಿಲ್ಲದಿಲ್ಲ. ಅದನ್ನು ಕೇಳಿ ಹೇಳಬೇಕೆಂದಿದ್ದುದನ್ನು ನುಂಗಿಕೊಂಡು ಎದ್ದು ಹೋದವರಿದ್ದಾರೆ. ಎಲ್ಲರ ಹಿಂದೆಯೂ ಮೆಟ್ಟಿಲಿಳಿದು ಹೋಗಲು ಆಗಿದೆ ಎಂದೇನೂ ಅಲ್ಲ.

ಆ ದಿನ ಆಯಿತು. ನಮ್ಮಲ್ಲಿ ಹಿರಿಯರೊಬ್ಬರಿದ್ದಾರೆ, ಹುಡುಗರೆಲ್ಲ ಅವರನ್ನು ಆಂಟಿ ಎನ್ನುತ್ತಾರೆ. ಚಪ್ಪಲಿಯನ್ನೂ ಹಾಕಿಕೊಳ್ಳದೆ ಅವರು ಅವನ ಹಿಂದೆ ಹೋದರು. ಕೆಳಗಿನ ಮೆಟ್ಟಿಲ ಮೇಲೆ ಅವನ ಪಕ್ಕದಲ್ಲಿ ಒಂದೂವರೆ ಗಂಟೆ ಕೂತರು. ಬದುಕಿರಬೇಕು ಅನ್ನಿಸುತ್ತಿಲ್ಲವಾ ಎಂದು ನೇರವಾಗಿಯೇ ಕೇಳಿದರಂತೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂದು ಜನ ಹೆದರುತ್ತಾರೆ. ಹಾಗೇನೂ ಇಲ್ಲ, ಕೇಳಿದರೆ ಹೊರೆ ಇಳಿಯುವುದೇ ಹೆಚ್ಚು ಎಂದು ತಿಳಿದವರೆಲ್ಲ ಹೇಳುತ್ತಾರೆ. ಅವನು ಹೌದು ಎಂದ. ಮನೆಗೆ ಹೇಳಬೇಡಿ ಎಂದ. ಹೇಳಲೇಬೇಕು, ನೀನು ಹೇಳ್ತೀಯೋ ನಾನು ಹೇಳಲೋ ಎಂದರು. ಬೇಡ ಬೇಡ ಎನ್ನುತ್ತಲೇ ಅಕ್ಕನ ಫೋನ್ ನಂಬರು ಹೇಳಿದ.

ಈ ನಂಬರನ್ನು ಒಪ್ಪಿಗೆ ಎಂದು ಕರೆದು ನಾವು ಮನಸ್ಸು ಹಗುರ ಮಾಡಿಕೊಳ್ಳಬಹುದು. ಆಂಟಿ ಹಾಗೇ ಕರೆಯುತ್ತಾರೆ. ನಾನು ಕರೆಯುವುದಿಲ್ಲ. ಅವನು ಬೇಡ ಎಂದ, ನಾವು ಮಾಡಿದೆವು. ಮಾಡಿದ್ದು ಸರಿ, ನಾಳೆಯೂ ಹಾಗೇ ಮಾಡುತ್ತೇವೆ. ಆದರೆ ಅವನ ಇಚ್ಛೆಗೆ ವಿರುದ್ಧವಾಗಿ ಮಾಡಿದೆವು ಎಂಬುದನ್ನು ಒಳ್ಳೆಯ ಹೆಸರು ಕೊಟ್ಟು ಮುಚ್ಚಬಾರದು. ಸರಿಯಾದದ್ದಕ್ಕೂ ಒಬ್ಬ ಸಾಲಗಾರ ಇರುತ್ತಾನೆ, ಇಲ್ಲಿ ಸಾಲ ಕೊಟ್ಟವನು ಆ ಹುಡುಗ.

ಅಕ್ಕ ಅರ್ಧ ಗಂಟೆಯಲ್ಲಿ ಆಟೋದಲ್ಲಿ ಬಂದಳು. ಬಂದವಳೇ ಮೊದಲು ಕೇಳಿದ್ದು, 'ಪೊಲೀಸ್ ಕೇಸ್ ಆಗುತ್ತಾ ಸಾರ್?' ಹಳೆಯ ದಂಡ ಸಂಹಿತೆ ಬಿತ್ತಿಹೋದ ಭಯ ಅದು. ಬರೀ ಯೋಚನೆ ಎಂದೂ ಅಪರಾಧವಾಗಿರಲಿಲ್ಲ. ಪ್ರಯತ್ನ ಮಾಡಿ ಉಳಿದವರಿಗೂ 2017ರ ಮಾನಸಿಕ ಆರೋಗ್ಯ ಕಾಯಿದೆ, 2018ರಲ್ಲಿ ಜಾರಿಗೆ ಬಂದದ್ದು, ಅವರು ತೀವ್ರ ಒತ್ತಡದಲ್ಲಿದ್ದರೆಂದೇ ತಿಳಿಯಬೇಕು, ಆರೈಕೆಗೆ ಸರ್ಕಾರವೇ ಏರ್ಪಾಡು ಮಾಡಬೇಕು ಎನ್ನುತ್ತದೆ. ಇಷ್ಟು ಹೇಳಿದ ಮೇಲೆ ಅವಳು ಅತ್ತಳು. ರಾತ್ರಿ ಎಂಟಕ್ಕೆ ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ನಮ್ಮ ಬಾಗಿಲ ಹಿಂದೆ 14416 ಎಂದು ದೊಡ್ಡದಾಗಿ ಬರೆದು ಅಂಟಿಸಿದ್ದೇವೆ. ಅದು 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಟೆಲಿ ಮಾನಸ್. ಹಗಲು ರಾತ್ರಿ ಯಾವಾಗ ಮಾಡಿದರೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೀಳುವುದಿಲ್ಲ. ನಾವು ತಿಂಗಳಿಗೆ ನಾಲ್ಕು ಗಂಟೆ ಕೂರುವವರು. ಉಳಿದ ಹೊತ್ತಿಗೆ ಯಾರಾದರೂ ಬೇಕಲ್ಲ. ಅಕ್ಕ ಹೊರಡುವ ಮುಂಚೆ ಆ ನಂಬರನ್ನು ತನ್ನ ಫೋನಿಗೆ ಹಾಕಿಕೊಂಡಳು.

ಎರಡು ತಿಂಗಳ ಮೇಲೆ ಹುಡುಗ ಮತ್ತೆ ಬಂದ. ಮೈ ಸ್ವಲ್ಪ ತುಂಬಿಕೊಂಡಿತ್ತು. ಆಂಟಿಗೆ ನಮಸ್ಕಾರ ಹೇಳಿದ, ನನಗೆ ಹೇಳಲಿಲ್ಲ. ಟೀ ಕುಡಿಯುವಾಗ ಹತ್ತಿರ ಬಂದು, 'ನನಗೆ ನಿಮ್ಮ ಮೇಲೆ ಕೋಪ ಇದೆ ಸಾರ್' ಎಂದ. 'ಇರಲಪ್ಪ, ಕೂತ್ಕೊ' ಎಂದೆ. ಈಗ ತಪ್ಪದೆ ಬರುತ್ತಾನೆ. ಟೈಲರಿನ ಹತ್ತಿರ ಚೆನ್ನಾಗಿ ಮಾತಾಡುತ್ತಾನೆ, ಹೊಸಬರು ಬಂದರೆ ಎದ್ದು ಕುರ್ಚಿ ಹಾಕುತ್ತಾನೆ. ನನ್ನ ಹತ್ತಿರ ಮಾತ್ರ ಇವತ್ತಿಗೂ ಬಿಗಿಯಾಗಿಯೇ ಇರುತ್ತಾನೆ.